ಮರುಹುಟ್ಟಿಗೂ ಸರ್ಕಾರದ ಮೊಹರು

1995ರ ನವೆಂಬರ್ 29. ಟಿಬೆಟ್ಟಿನ ರಾಜಧಾನಿ ಲಾಸಾದ ಜೋಖಾಂಗ್ ದೇವಾಲಯದಲ್ಲಿ ನಡುರಾತ್ರಿ ಕಳೆದಿದ್ದರೂ ದೀಪಗಳು ಆರಿರಲಿಲ್ಲ. ಶಾಕ್ಯಮುನಿ ಬುದ್ಧನ ವಿಗ್ರಹದ ಮುಂದೆ ಒಂದು ಕಡೆ ಲಾಮಾಗಳು, ಇನ್ನೊಂದು ಕಡೆ ಬೀಜಿಂಗಿನಿಂದ ಬಂದಿಳಿದ ಅಧಿಕಾರಿಗಳು. ನಡುವೆ ಚಿನ್ನದ ಒಂದು ಕಲಶ. ಕಲಶದೊಳಗೆ ದಂತದ ಮೂರು ಕಡ್ಡಿಗಳು. ಒಂದೊಂದರಲ್ಲೂ ಒಬ್ಬೊಬ್ಬ ಬಾಲಕನ ಹೆಸರು. ವೃದ್ಧ ಲಾಮಾ ಬೋಮಿ ರಿಂಪೋಚೆ ಕಲಶಕ್ಕೆ ಕೈಹಾಕಿ ಒಂದು ಕಡ್ಡಿಯನ್ನು ಮೇಲೆತ್ತಿದರು. ಐದು ವರ್ಷದ ಗ್ಯಾಲ್ಟ್ಸೆನ್ ನೊರ್ಬು ಹನ್ನೊಂದನೆಯ ಪಂಚೆನ್ ಲಾಮಾ ಎಂದು ಘೋಷಣೆಯಾಯಿತು. ಕೇಂದ್ರ ಸರ್ಕಾರದ ಪರವಾಗಿ ಉಸ್ತುವಾರಿಗೆ ನಿಂತಿದ್ದವರು ಹಿರಿಯ ನಾಯಕ ಲುವೊ ಗಾನ್.

ದೇವರು, ಆತ್ಮ, ಪುನರ್ಜನ್ಮ ಯಾವುದನ್ನೂ ಒಪ್ಪದ ಪಕ್ಷ ಚೀನಾದ ಕಮ್ಯುನಿಸ್ಟ್ ಪಕ್ಷ. ಅದರ ಸದಸ್ಯರು ಯಾವ ಧರ್ಮದಲ್ಲೂ ಶ್ರದ್ಧೆ ಇಟ್ಟುಕೊಳ್ಳುವಂತಿಲ್ಲ. ಅಂಥ ಪಕ್ಷದ ನಾಯಕರು, ಸತ್ತ ಲಾಮಾ ಯಾವ ಮನೆಯಲ್ಲಿ ಮತ್ತೆ ಹುಟ್ಟಿದ್ದಾರೆಂದು ತಿಳಿಯಲು ಅಂದು ನಿದ್ದೆಗೆಟ್ಟು ಕುಳಿತಿದ್ದರು. ಇದನ್ನು ಕಂಡು ನಕ್ಕುಬಿಡುವುದು ಸುಲಭ. ಆದರೆ ಆ ಕಲಶದ ಹಿಂದೆ ಇನ್ನೂರು ವರ್ಷಗಳ ರಾಜಕೀಯ ಲೆಕ್ಕಾಚಾರವಿದೆ. ಅದೇ ವರ್ಷ ಕಣ್ಮರೆಯಾದ ಇನ್ನೊಬ್ಬ ಬಾಲಕನ ಕಥೆಯಿದೆ. ಧರ್ಮವನ್ನೂ ಅಲ್ಪಸಂಖ್ಯಾತ ಜನಾಂಗಗಳನ್ನೂ ಹೊರದೇಶಗಳನ್ನೂ ಚೀನಾ ಯಾವ ಕಣ್ಣಿನಿಂದ ನೋಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಕಲಶದ ಕಥೆಯಿಂದಲೇ ಆರಂಭಿಸಬೇಕು.

ಪಂಡಿತರಿಂದ ಪಂಚೆನ್

ಮಹಾ ಲಾಮಾ ಒಬ್ಬರು ತೀರಿಕೊಂಡರೆ ಅವರು ಜಗತ್ತಿನ ಹಿತಕ್ಕಾಗಿ ಮತ್ತೆ ಮಗುವಾಗಿ ಹುಟ್ಟಿಬರುತ್ತಾರೆ ಎಂಬುದು ಟಿಬೆಟ್ಟಿನ ಬೌದ್ಧರ ನಂಬಿಕೆ. ಆ ಮಗುವನ್ನು ಹುಡುಕಿ, ಪರೀಕ್ಷಿಸಿ, ಪೀಠದಲ್ಲಿ ಕೂರಿಸುವ ಪದ್ಧತಿ ಹದಿಮೂರನೆಯ ಶತಮಾನದ ಸುಮಾರಿಗೆ ಕರ್ಮಾಪಾ ಪರಂಪರೆಯಲ್ಲಿ ಬೇರೂರಿತು. ಬ್ರಹ್ಮಚಾರಿ ಸನ್ಯಾಸಿಗಳ ಮಠಗಳಲ್ಲಿ ಉತ್ತರಾಧಿಕಾರದ ಸಮಸ್ಯೆಗೆ ಇದೊಂದು ಪರಿಹಾರವೂ ಆಯಿತು. ಮಠದ ಆಸ್ತಿ, ಶಿಷ್ಯವರ್ಗ, ಪ್ರಭಾವ ಎಲ್ಲವೂ ಹೊಸ ಬಾಲಕನಿಗೆ ಸೇರುತ್ತಿತ್ತು. ಮಗುವನ್ನು ಗುರುತಿಸುವವರ ಕೈಗೆ ಎಂಥ ಅಧಿಕಾರ ಬರುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1642ರಲ್ಲಿ ಮಂಗೋಲ್ ದೊರೆ ಗುಶ್ರಿ ಖಾನನ ಬೆಂಬಲದಿಂದ ಐದನೆಯ ದಲಾಯಿ ಲಾಮಾ ಟಿಬೆಟ್ಟಿನ ಅಧಿಪತಿಯಾದರು. ಶಿಗಾತ್ಸೆ ಪಟ್ಟಣದ ತಾಶಿಲ್ಹುನ್ಪೊ ಮಠದ ಮುಖ್ಯಸ್ಥರು ಅವರ ಗುರುಗಳು. ಆ ಗುರುಪರಂಪರೆಯೇ ಪಂಚೆನ್ ಲಾಮಾ ಪರಂಪರೆ. ‘ಪಂಚೆನ್’ ಎಂಬುದರ ಅರ್ಧ ಭಾಗ ನಮ್ಮ ‘ಪಂಡಿತ’ ಶಬ್ದವೇ. ಉಳಿದರ್ಧ ‘ದೊಡ್ಡ’ ಎಂಬರ್ಥದ ಟಿಬೆಟನ್ ಮಾತು. ದಲಾಯಿ ಲಾಮಾ ಅವಲೋಕಿತೇಶ್ವರನ ಅವತಾರವಾದರೆ ಪಂಚೆನ್ ಲಾಮಾ ಅಮಿತಾಭ ಬುದ್ಧನ ಅವತಾರ ಎಂದು ಜನ ಭಾವಿಸುತ್ತಾರೆ. ಇಬ್ಬರಲ್ಲಿ ಹಿರಿಯರು ಕಿರಿಯರಿಗೆ ಗುರುವಾಗುವುದು, ಒಬ್ಬರ ಮರುಹುಟ್ಟನ್ನು ಗುರುತಿಸುವಲ್ಲಿ ಇನ್ನೊಬ್ಬರ ಮಾತಿಗೆ ತೂಕವಿರುವುದು ಕ್ರಮೇಣ ರೂಢಿಯಾಯಿತು. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 1995ರ ಆ ರಾತ್ರಿಯ ಆತುರಕ್ಕೆ ಕಾರಣ ಇಲ್ಲೇ ಇದೆ.

ಚಕ್ರವರ್ತಿಯ ಉಪಾಯ

ಕಲಶ ಟಿಬೆಟನ್ನರದ್ದಲ್ಲ. ಅದು ಚೀನಾವನ್ನು ಆಳುತ್ತಿದ್ದ ಮಂಚು ವಂಶದ ಚಕ್ರವರ್ತಿ ಚಿಯಾನ್‌ಲುಂಗನ ಕೊಡುಗೆ. 1780ರಲ್ಲಿ ಚಕ್ರವರ್ತಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಆಗಿನ ಪಂಚೆನ್ ಲಾಮಾ ಚೀನಾಕ್ಕೆ ಹೋದರು. ಆರು ವರ್ಷ ಹಿಂದೆ ಈಸ್ಟ್ ಇಂಡಿಯಾ ಕಂಪೆನಿಯ ದೂತ ಜಾರ್ಜ್ ಬೋಗ್ಲ್ ಟಿಬೆಟ್ಟಿಗೆ ಹೋಗಿ ಕಂಡದ್ದು ಇವರನ್ನೇ. ಹೋದವರು ಮರಳಲಿಲ್ಲ, ಬೀಜಿಂಗಿನಲ್ಲಿ ಸಿಡುಬು ತಗುಲಿ ತೀರಿಕೊಂಡರು. ಅವರಿಗೆ ಸಂದ ಅಪಾರ ಕಾಣಿಕೆ ತಾಶಿಲ್ಹುನ್ಪೊ ಸೇರಿತು. ಐಶ್ವರ್ಯ ಬಂದ ಕಡೆ ಪಾಲಿನ ಜಗಳವೂ ಬರಬೇಕಲ್ಲ! ಅವರ ಸೋದರರಲ್ಲೊಬ್ಬರಾದ, ಬೇರೊಂದು ಪಂಥದ ಶಾಮರ್ಪಾ ಲಾಮಾ ಅಸಮಾಧಾನಗೊಂಡು ನೇಪಾಳಕ್ಕೆ ಹೋದರು. 1791ರಲ್ಲಿ ಗೂರ್ಖಾ ಸೇನೆ ನುಗ್ಗಿ ತಾಶಿಲ್ಹುನ್ಪೊವನ್ನು ಲೂಟಿ ಮಾಡಿತು. ಮರುವರ್ಷ ಮಂಚು ಸೇನೆ ಹಿಮಾಲಯ ದಾಟಿ ಗೂರ್ಖರನ್ನು ಕಠ್ಮಂಡುವಿನ ಹತ್ತಿರದವರೆಗೂ ಅಟ್ಟಿಸಿಕೊಂಡು ಹೋಯಿತು.

ಯುದ್ಧ ಮುಗಿದ ಮೇಲೆ ಶಿಕ್ಷೆಯ ಸರದಿ. ಶಾಮರ್ಪಾ ಅಷ್ಟರಲ್ಲಿ ಸತ್ತಿದ್ದರು. ಸತ್ತವರನ್ನು ಶಿಕ್ಷಿಸುವುದು ಹೇಗೆ? ಅವರ ಮಠವನ್ನು ಮುಟ್ಟುಗೋಲು ಹಾಕಿಕೊಂಡದ್ದಲ್ಲದೆ, ಅವರ ಮರುಹುಟ್ಟನ್ನು ಗುರುತಿಸುವುದನ್ನೇ ನಿಷೇಧಿಸಲಾಯಿತು. ಹೀಗೆ ಪ್ರಭುತ್ವದ ಆಜ್ಞೆಯಿಂದ ಒಂದು ಪರಂಪರೆ ನಿಂತುಹೋಯಿತು. ಪುನರ್ಜನ್ಮಕ್ಕೆ ಕಾನೂನು ಮಾಡುವ ವಿದ್ಯೆ ಕಮ್ಯುನಿಸ್ಟರು ಕಂಡುಹಿಡಿದದ್ದಲ್ಲ.

ಚಿಯಾನ್‌ಲುಂಗ್ ಸ್ವತಃ ಬೌದ್ಧ ದೀಕ್ಷೆ ಪಡೆದವನು, ಟಿಬೆಟನ್ ಭಾಷೆ ಕಲಿತವನು. ಆದರೆ ಅವನ ಕಣ್ಣು ಮಂಗೋಲರ ಮೇಲಿತ್ತು. ಕುದುರೆ ಏರಿ ಬರುವ ಮಂಗೋಲರು ಲಾಮಾಗಳ ಭಕ್ತರು. ಲಾಮಾಗಳು ಕೈಯಲ್ಲಿದ್ದರೆ ಗಡಿ ಶಾಂತವಾಗಿರುತ್ತದೆ. 1792ರಲ್ಲಿ ಅವನು ಬರೆದ ‘ಲಾಮಾಗಳನ್ನು ಕುರಿತು’ ಎಂಬ ಲೇಖನವನ್ನು ಬೀಜಿಂಗಿನ ಯೊಂಗ್ಹೆಗೊಂಗ್ ದೇವಾಲಯದ ಶಿಲಾಶಾಸನದಲ್ಲಿ ನಾಲ್ಕು ಭಾಷೆಗಳಲ್ಲಿ ಕೊರೆಸಲಾಯಿತು. ಹಳದಿ ಟೋಪಿಯ ಲಾಮಾಗಳನ್ನು ತಾನು ಪೋಷಿಸುವುದು ಮಂಗೋಲರನ್ನು ನೆಮ್ಮದಿಯಾಗಿ ಇರಿಸಲು ಎಂದು ಅವನು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಮಹಾಲಾಮಾಗಳು ಮತ್ತೆ ಮತ್ತೆ ಒಂದೇ ಬಂಧುವರ್ಗದಲ್ಲಿ ಹುಟ್ಟುವುದನ್ನೂ ಟೀಕಿಸಿದ್ದಾನೆ. ಆ ಟೀಕೆಯಲ್ಲಿ ಹುರುಳಿತ್ತು.

ಅವನು ಕಂಡ ಪರಿಹಾರವೇ ಚಿನ್ನದ ಕಲಶ. 1793ರ 29 ಕಲಮುಗಳ ಶಾಸನದಲ್ಲಿ ಮೊದಲನೆಯದೇ ಇದಕ್ಕೆ ಸಂಬಂಧಿಸಿದ್ದು. ಹೆಸರುಗಳನ್ನು ಮಂಚು, ಚೀನಿ, ಟಿಬೆಟನ್ ಮೂರೂ ಲಿಪಿಗಳಲ್ಲಿ ದಂತದ ಕಡ್ಡಿಯ ಮೇಲೆ ಬರೆಯಬೇಕು. ಏಳು ದಿನ ಪ್ರಾರ್ಥನೆ ನಡೆಯಬೇಕು. ಲಾಸಾದಲ್ಲಿ ಬೀಡುಬಿಟ್ಟಿರುವ ಚಕ್ರವರ್ತಿಯ ಪ್ರತಿನಿಧಿಗಳ ಎದುರಿನಲ್ಲಿ ಕಡ್ಡಿ ಎತ್ತಬೇಕು. ಸಿಕ್ಕಿದ್ದು ಒಬ್ಬನೇ ಬಾಲಕನಾದರೆ ಜೊತೆಗೆ ಬರಿಯ ಕಡ್ಡಿಯೊಂದನ್ನು ಹಾಕಬೇಕು. ಬರಿಯದು ಕೈಗೆ ಬಂದರೆ ಹುಡುಕಾಟ ಮತ್ತೆ ಮೊದಲಿನಿಂದ! ಲಾಸಾಕ್ಕೆ ಒಂದು ಕಲಶ ಬಂತು. ಮಂಗೋಲ್ ಲಾಮಾಗಳಿಗಾಗಿ ಇನ್ನೊಂದು ಬೀಜಿಂಗಿನಲ್ಲೇ ಉಳಿಯಿತು.

ಈ ನಿಯಮ ಎಷ್ಟರಮಟ್ಟಿಗೆ ನಡೆಯಿತು? ಹನ್ನೊಂದನೆಯ ಮತ್ತು ಹನ್ನೆರಡನೆಯ ದಲಾಯಿ ಲಾಮಾಗಳ ಆಯ್ಕೆ ಕಲಶದಿಂದ ಆಯಿತು. ಹತ್ತನೆಯವರ ವಿಷಯದಲ್ಲಿ ವಿವಾದವಿದೆ. ಒಂಬತ್ತನೆಯವರಿಗೆ, ಹದಿಮೂರನೆಯವರಿಗೆ, ಹದಿನಾಲ್ಕನೆಯವರಿಗೆ ಕಲಶದ ಬಳಕೆ ಆಗಲೇ ಇಲ್ಲ. ಚೀನಾದ ವಾದವೆಂದರೆ, ಅದಕ್ಕೂ ಕೇಂದ್ರ ಸರ್ಕಾರವೇ ವಿನಾಯಿತಿ ಕೊಟ್ಟಿತ್ತು, ಆದ್ದರಿಂದ ಅಧಿಕಾರ ಕೇಂದ್ರದ್ದೇ ಎಂಬುದು. ಕಡ್ಡಿ ಎತ್ತಿದರೂ ಗೆಲುವು, ಎತ್ತದಿದ್ದರೂ ಗೆಲುವು. ಟಿಬೆಟನ್ನರ ಪ್ರಕಾರ ಅದು ಬಲವಂತದ ಹೇರಿಕೆ. ಮಂಚು ವಂಶ ದುರ್ಬಲವಾದೊಡನೆ ಅದರ ಕಥೆಯೂ ಮುಗಿಯಿತು.

ಒಪ್ಪಂದ ಮತ್ತು ಅರ್ಜಿ

1949ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟರು ಮರುವರ್ಷ ಟಿಬೆಟ್ಟಿಗೆ ಸೇನೆ ಕಳಿಸಿದರು. 1951ರ ಮೇ 23ರ ಹದಿನೇಳು ಅಂಶಗಳ ಒಪ್ಪಂದದಲ್ಲಿ ದಲಾಯಿ ಲಾಮಾ ಮತ್ತು ಪಂಚೆನ್ ಲಾಮಾ ಅವರ ಸ್ಥಾನಮಾನ ಬದಲಿಸುವುದಿಲ್ಲ, ಧರ್ಮಕ್ಕೂ ಮಠಗಳಿಗೂ ರಕ್ಷಣೆ ಇದೆ ಎಂದು ಬರೆದುಕೊಟ್ಟರು. ಎಂಟು ವರ್ಷಗಳಲ್ಲಿ ಎಲ್ಲವೂ ತಲೆಕೆಳಗಾಯಿತು. 1959ರ ಮಾರ್ಚ್ ದಂಗೆಯ ಬಳಿಕ ದಲಾಯಿ ಲಾಮಾ ಭಾರತಕ್ಕೆ ಬಂದರು. ಹತ್ತನೆಯ ಪಂಚೆನ್ ಲಾಮಾ ಅಲ್ಲೇ ಉಳಿದರು.

ಉಳಿದ ಕಾರಣಕ್ಕೆ ಅನೇಕರು ಅವರನ್ನು ಬೀಜಿಂಗಿನ ಕೈಗೊಂಬೆ ಎಂದರು. ಆ ‘ಕೈಗೊಂಬೆ’ 24ನೆಯ ವಯಸ್ಸಿನಲ್ಲಿ ಮಾಡಿದ ಕೆಲಸ ಮಾತ್ರ ಬೆರಗು ಹುಟ್ಟಿಸುವಂಥದು. 1962ರಲ್ಲಿ ಅವರು ಪ್ರಧಾನಿ ಚೌ ಎನ್‌ಲಾಯ್ ಅವರಿಗೆ ಎಪ್ಪತ್ತು ಸಾವಿರ ಅಕ್ಷರಗಳ ದೀರ್ಘ ಅರ್ಜಿ ಸಲ್ಲಿಸಿದರು. ಟಿಬೆಟ್ಟಿನಲ್ಲಿದ್ದ 2,500ಕ್ಕೂ ಹೆಚ್ಚು ಮಠಗಳಲ್ಲಿ ‘ಸುಧಾರಣೆ’ಯ ನಂತರ ಉಳಿದವು ಸುಮಾರು 70 ಎಂದು ಲೆಕ್ಕ ಕೊಟ್ಟರು. ಸುಮಾರು 1,10,000 ಇದ್ದ ಭಿಕ್ಷು ಭಿಕ್ಷುಣಿಯರಲ್ಲಿ ಮಠಗಳಲ್ಲಿ ಉಳಿದವರು 7,000 ಎಂದರು. ಹಸಿವಿನ ಬಗ್ಗೆ, ಸೆರೆಗಳ ಬಗ್ಗೆ ಬರೆದರು. ಮಠಗಳು ಸಾಂಸ್ಕೃತಿಕ ಕ್ರಾಂತಿಯಲ್ಲಿ ನಾಶವಾದವು ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೆ ಈ ಅರ್ಜಿ ಬರೆದಾಗ ಆ ಕ್ರಾಂತಿಗೆ ಇನ್ನೂ ನಾಲ್ಕು ವರ್ಷವಿತ್ತು.

ಮಾವೋಗೆ ಅದು ವಿಷದ ಬಾಣವಾಗಿ ಕಂಡಿತು. 1964ರಲ್ಲಿ ಬಹಿರಂಗ ಸಭೆಗಳಲ್ಲಿ ಪಂಚೆನ್ ಲಾಮಾರನ್ನು ನಿಲ್ಲಿಸಿ ಅವಮಾನಿಸಲಾಯಿತು. ಮುಂದೆ 1977ರವರೆಗೆ ಹಲವು ವರ್ಷ ಸೆರೆಯಲ್ಲಿಡಲಾಯಿತು. ಬಿಡುಗಡೆಯಾದ ಮೇಲೆ ಮದುವೆಯಾದರು, ಮಗಳು ಹುಟ್ಟಿದಳು. ಜನರ ಭಕ್ತಿ ಕುಂದಲಿಲ್ಲ. 1989ರ ಜನವರಿಯಲ್ಲಿ ಶಿಗಾತ್ಸೆಗೆ ಹೋದವರು, ಟಿಬೆಟ್ ಅಭಿವೃದ್ಧಿಯಿಂದ ಪಡೆದದ್ದಕ್ಕಿಂತ ತೆತ್ತದ್ದೇ ಹೆಚ್ಚು ಎಂಬರ್ಥದ ಮಾತನ್ನಾಡಿದರು. ಕೆಲವೇ ದಿನಗಳಲ್ಲಿ, ಜನವರಿ 28ರಂದು ಅಲ್ಲೇ ತೀರಿಕೊಂಡರು. ಅವರಿಗಿನ್ನೂ 51 ತುಂಬಿರಲಿಲ್ಲ.

ಇಬ್ಬರು ಬಾಲಕರು

ಮಾವೋ ಕಾಲದ ಪಾಠವನ್ನು ಪಕ್ಷ ಅಷ್ಟು ಹೊತ್ತಿಗೆ ಕಲಿತಿತ್ತು. ಧರ್ಮ ಮುಂದೆಂದೋ ತಾನಾಗಿ ಮರೆಯಾಗುತ್ತದೆ, ಬಲವಂತದಿಂದ ಅದನ್ನು ಅಳಿಸಲಾಗದು ಎಂದು 1982ರ ‘19ನೆಯ ದಸ್ತಾವೇಜು’ ಒಪ್ಪಿಕೊಂಡಿತು. ಅದೇ ವರ್ಷದ ಸಂವಿಧಾನದ 36ನೆಯ ವಿಧಿ ‘ಸಾಮಾನ್ಯ’ ಧಾರ್ಮಿಕ ಚಟುವಟಿಕೆಗಳಿಗೆ ರಕ್ಷಣೆ ಕೊಟ್ಟಿತು. ಯಾವುದು ಸಾಮಾನ್ಯ ಎಂದು ಹೇಳುವವರು ಯಾರು ಎಂಬುದೇ ಪ್ರಶ್ನೆ. ಬೌದ್ಧ, ತಾವೋ, ಇಸ್ಲಾಂ, ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಈ ಐದಕ್ಕೆ ಮಾನ್ಯತೆ. ಐದಕ್ಕೂ ಸರ್ಕಾರದ ಕಣ್ಗಾವಲಿನ ಸಂಘಗಳು. ಅಳಿಸಲಾಗದ್ದನ್ನು ನಿರ್ವಹಿಸಬೇಕು ಎಂಬುದು ಹೊಸ ನೀತಿ.

ಈ ನೀತಿಯ ಅಡಿಯಲ್ಲಿಯೇ ತಾಶಿಲ್ಹುನ್ಪೊ ಮಠಾಧಿಪತಿ ಚದ್ರೆಲ್ ರಿಂಪೋಚೆ ಅವರ ನೇತೃತ್ವದಲ್ಲಿ ಶೋಧನಾ ಸಮಿತಿ ರಚನೆಯಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಇಕ್ಕಟ್ಟು ಅವರದು. ಬೀಜಿಂಗ್ ಒಪ್ಪಬೇಕು, ದಲಾಯಿ ಲಾಮಾರ ಒಪ್ಪಿಗೆಯಿಲ್ಲದ ಮಗುವನ್ನು ಜನ ಒಪ್ಪುವುದಿಲ್ಲ. ಅವರು ಒಳಗೊಳಗೇ ಧರ್ಮಶಾಲೆಯೊಡನೆ ಸಂಪರ್ಕ ಇಟ್ಟುಕೊಂಡರು. 1995ರ ಮೇ 14ರಂದು ದಲಾಯಿ ಲಾಮಾ, ನಾಗ್ಚು ಪ್ರಾಂತದ ಲಾರಿ ಎಂಬಲ್ಲಿನ ಗೆಧುನ್ ಚೋಕ್ಯಿ ನ್ಯಿಮಾ ಎಂಬ ಆರು ವರ್ಷದ ಬಾಲಕನೇ ಹನ್ನೊಂದನೆಯ ಪಂಚೆನ್ ಲಾಮಾ ಎಂದು ಪ್ರಕಟಿಸಿಬಿಟ್ಟರು. ಬೀಜಿಂಗಿಗಿಂತ ಮೊದಲೇ ಹೀಗೆ ಘೋಷಿಸಿ ಚೀನಾಕ್ಕೆ ಹಿಂದೆ ಸರಿಯುವ ದಾರಿಯನ್ನೇ ಮುಚ್ಚಿದರು ಎಂದು ದಲಾಯಿ ಲಾಮಾರನ್ನು ಆಕ್ಷೇಪಿಸಿದ ವಿದ್ವಾಂಸರಿದ್ದಾರೆ. ಆಕ್ಷೇಪ ತೀರ ನಿರಾಧಾರವೇನಲ್ಲ. ಆದರೆ ಅದರ ಬೆಲೆ ತೆತ್ತದ್ದು ಆ ಮಗು. ಮೇ 17ರ ನಂತರ ಬಾಲಕನನ್ನಾಗಲಿ ಅವನ ತಂದೆತಾಯಿಯರನ್ನಾಗಲಿ ಹೊರಗಿನವರು ಕಂಡಿಲ್ಲ. ಚದ್ರೆಲ್ ರಿಂಪೋಚೆ ಬಂಧನಕ್ಕೊಳಗಾದರು. ದೇಶ ಒಡೆಯುವ ಸಂಚು, ರಹಸ್ಯ ಬಯಲು ಮಾಡಿದ ಆರೋಪಗಳ ಮೇಲೆ 1997ರಲ್ಲಿ ಅವರಿಗೆ ಆರು ವರ್ಷ ಶಿಕ್ಷೆಯಾಯಿತು.

ಆಮೇಲೆ ಹೊರಬಂದದ್ದೇ ಕಲಶ. ಆ ರಾತ್ರಿ ಜೋಖಾಂಗ್‌ನಲ್ಲಿದ್ದ ಕುಂಬುಂ ಮಠದ ಅರ್ಜಿಯಾ ರಿಂಪೋಚೆ 1998ರಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದರು. ಕಡ್ಡಿಯೊಂದು ತುಸು ಎತ್ತರವಾಗಿ ನಿಲ್ಲುವಂತೆ ಅದರ ಕೆಳಗೆ ಹತ್ತಿ ಇಡಲಾಗಿತ್ತು ಎಂದು ಧಾರ್ಮಿಕ ವ್ಯವಹಾರಗಳ ಅಧಿಕಾರಿಯೇ ವಿಮಾನದಲ್ಲಿ ಹೇಳಿದ್ದನ್ನು ತಾವು ಕೇಳಿದ್ದಾಗಿ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ದೈವೇಚ್ಛೆಗೆ ಹತ್ತಿಯ ಆಸರೆ! ಇದು ಒಬ್ಬರ ಹೇಳಿಕೆ ಮಾತ್ರ ಎಂಬುದನ್ನೂ ಮರೆಯಬಾರದು.

ಮೊಹರು ಒತ್ತಿದ ಮಾತ್ರಕ್ಕೆ ನಿಷ್ಠೆ ಬರುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. 1992ರಲ್ಲಿ ಹದಿನೇಳನೆಯ ಕರ್ಮಾಪಾ ಆಗಿ ಓಗ್ಯೆನ್ ತ್ರಿನ್ಲೆ ದೋರ್ಜೆ ಅವರನ್ನು ಬೀಜಿಂಗೂ ಒಪ್ಪಿತ್ತು, ದಲಾಯಿ ಲಾಮಾರೂ ಒಪ್ಪಿದ್ದರು. ಅಧಿಕೃತ ಮಾನ್ಯತೆಯ ಆ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ಮಠದಿಂದ ತಪ್ಪಿಸಿಕೊಂಡು, ಚಳಿಗಾಲದ ಹಿಮಾಲಯ ದಾಟಿ, 2000ದ ಜನವರಿಯಲ್ಲಿ ಧರ್ಮಶಾಲೆಗೆ ಬಂದಿಳಿದರು.

ಐದನೆಯ ಆಜ್ಞೆ

ಬೀಜಿಂಗ್ ಇದರಿಂದ ತೆಗೆದುಕೊಂಡ ತೀರ್ಮಾನ, ಹಿಡಿತ ಸಾಲದು ಎಂಬುದು. 2007ರ ಸೆಪ್ಟೆಂಬರ್ 1ರಿಂದ ಧಾರ್ಮಿಕ ವ್ಯವಹಾರಗಳ ಇಲಾಖೆಯ ‘ಐದನೆಯ ಆಜ್ಞೆ’ ಜಾರಿಗೆ ಬಂತು. ಯಾವ ಲಾಮಾ ಮತ್ತೆ ಹುಟ್ಟಬಹುದು ಎಂಬುದಕ್ಕೇ ಅರ್ಜಿ ಹಾಕಿ ಅಪ್ಪಣೆ ಪಡೆಯಬೇಕು. ಲಾಮಾರ ಪ್ರಭಾವಕ್ಕೆ ತಕ್ಕಂತೆ ಪ್ರಾಂತೀಯ ಕಚೇರಿ, ಕೇಂದ್ರದ ಇಲಾಖೆ, ಕೊನೆಗೆ ಕೇಂದ್ರ ಮಂತ್ರಿಮಂಡಲ ಎಂದು ಮೆಟ್ಟಿಲು. ಅಪ್ಪಣೆಯಿಲ್ಲದೆ ಯಾರೂ ಹುಡುಕುವಂತಿಲ್ಲ. ಹೊರದೇಶದ ಸಂಸ್ಥೆಯಾಗಲಿ ವ್ಯಕ್ತಿಯಾಗಲಿ ಕೈಹಾಕುವಂತಿಲ್ಲ. 2016ರಲ್ಲಿ ಅಧಿಕೃತ ‘ಜೀವಂತ ಬುದ್ಧ’ರ ಪಟ್ಟಿಯೂ ಪ್ರಕಟವಾಯಿತು, ಮೊದಲ ಕಂತಿನಲ್ಲಿ 870 ಹೆಸರು. 2018ರಲ್ಲಿ ಧಾರ್ಮಿಕ ವ್ಯವಹಾರಗಳ ಇಲಾಖೆಯನ್ನೇ ಪಕ್ಷದ ಐಕ್ಯರಂಗ ವಿಭಾಗಕ್ಕೆ ಸೇರಿಸಲಾಯಿತು. ಧರ್ಮಗಳು ‘ಚೀನೀಕರಣ’ಗೊಳ್ಳಬೇಕು ಎಂಬುದು ಷಿ ಜಿನ್‌ಪಿಂಗ್ ಕಾಲದ ಘೋಷಣೆ.

ಅಲ್ಪಸಂಖ್ಯಾತರ ಆಡಳಿತಕ್ಕೂ ಇದೇ ಅಚ್ಚು. ಚೀನಾ 55 ಅಲ್ಪಸಂಖ್ಯಾತ ಜನಾಂಗಗಳನ್ನು ಅಧಿಕೃತವಾಗಿ ಗುರುತಿಸಿದೆ. 2020ರ ಜನಗಣತಿಯಲ್ಲಿ ಅವರು ಶೇ. 8.89. ಟಿಬೆಟ್ ಸೇರಿ ಐದು ಸ್ವಾಯತ್ತ ಪ್ರದೇಶಗಳಿವೆ. ಟಿಬೆಟ್ ಸರ್ಕಾರದ ಅಧ್ಯಕ್ಷರು ಟಿಬೆಟನ್ನರೇ. ಆದರೆ ನಿಜವಾದ ಅಧಿಕಾರವಿರುವ ಪಕ್ಷದ ಕಾರ್ಯದರ್ಶಿ ಸ್ಥಾನದಲ್ಲಿ 1950ರ ದಶಕದಿಂದ ಇಲ್ಲಿಯವರೆಗೆ ಒಬ್ಬ ಟಿಬೆಟನ್ನನೂ ಕೂತಿಲ್ಲ.

ರೋಮ್, ಉಲಾನ್‌ಬಾತರ್, ದೆಹಲಿ

ಹೊರಗಿನವರ ಕೈವಾಡ ಎಂದೊಡನೆ ಚೀನಾ ಏಕೆ ಬೆಚ್ಚುತ್ತದೆ? ಅದಕ್ಕೂ ಇತಿಹಾಸವಿದೆ. ಅಫೀಮು ಯುದ್ಧಗಳಲ್ಲಿ ಸೋತ ಚೀನಾದೊಳಕ್ಕೆ ಪಾದ್ರಿಗಳು ಹೋದದ್ದು ಯುದ್ಧನೌಕೆಗಳ ಬೆನ್ನಿಗೆ, ಬಲವಂತದ ಒಪ್ಪಂದಗಳ ಬಲದಿಂದ. ಆ ಅವಮಾನವನ್ನು ಚೀನೀಯರು ಮರೆತಿಲ್ಲ. ಧಾರ್ಮಿಕ ಸಂಸ್ಥೆಗಳ ಮೇಲೆ ಹೊರದೇಶಗಳ ಹಿಡಿತ ಇರಕೂಡದು ಎಂದು ಸಂವಿಧಾನದ ಅದೇ 36ನೆಯ ವಿಧಿ ಹೇಳುತ್ತದೆ.

1957ರಲ್ಲಿ ಸ್ಥಾಪನೆಯಾದ ‘ದೇಶಭಕ್ತ’ ಕ್ಯಾಥೊಲಿಕ್ ಸಂಘ ಪೋಪರ ಅಪ್ಪಣೆಯಿಲ್ಲದೆ ಬಿಷಪ್ಪರನ್ನು ನೇಮಿಸತೊಡಗಿತು. ಪೋಪರಿಗೆ ನಿಷ್ಠರಾದವರು ಗುಪ್ತವಾಗಿ ಪ್ರಾರ್ಥನೆ ಮಾಡಿ ಸೆರೆಮನೆ ಕಂಡರು. 2018ರ ಸೆಪ್ಟೆಂಬರಿನಲ್ಲಿ ವ್ಯಾಟಿಕನ್ ಮತ್ತು ಬೀಜಿಂಗ್ ನಡುವೆ ಬಿಷಪ್ಪರ ನೇಮಕದ ಬಗ್ಗೆ ಒಪ್ಪಂದವಾಯಿತು. ಅದರ ಪಠ್ಯವನ್ನು ಪ್ರಕಟಿಸಲಿಲ್ಲ. 2023ರಲ್ಲಿ ಚೀನಾ ತಾನೇ ಶಾಂಘೈಗೆ ಬಿಷಪ್ಪರನ್ನು ವರ್ಗಾಯಿಸಿತು. ಪೋಪ್ ಕೆಲವು ತಿಂಗಳ ಬಳಿಕ ಒಪ್ಪಿಗೆ ಕೊಟ್ಟರು. 2024ರಲ್ಲಿ ಒಪ್ಪಂದ ಇನ್ನೂ ನಾಲ್ಕು ವರ್ಷಕ್ಕೆ ಮುಂದುವರಿಯಿತು. ಲಾಮಾ ಆಗಲಿ ಬಿಷಪ್ ಆಗಲಿ, ನೇಮಕ ಯಾರದು ಎಂಬುದೇ ಮೂಲ ತಕರಾರು.

ಸಣ್ಣ ದೇಶಗಳೊಡನೆ ಇಷ್ಟು ಸಾವಧಾನವಿಲ್ಲ. 2016ರ ನವೆಂಬರಿನಲ್ಲಿ ಮಂಗೋಲಿಯ ದಲಾಯಿ ಲಾಮಾರನ್ನು ಬರಮಾಡಿಕೊಂಡಿತು. ಚೀನಾ ಸಾಲದ ಮಾತುಕತೆ ನಿಲ್ಲಿಸಿತು, ಗಡಿಯಲ್ಲಿ ಸರಕಿನ ಮೇಲೆ ಹೊಸ ಶುಲ್ಕ ಹಾಕಿತು. ಒಂದೇ ತಿಂಗಳಲ್ಲಿ ಮಂಗೋಲಿಯದ ವಿದೇಶಾಂಗ ಸಚಿವರು ಅಂಥ ಭೇಟಿ ಇನ್ನು ಇರುವುದಿಲ್ಲ ಎಂದರು. ಷಿಂಜಿಯಾಂಗಿನ ವೀಗರ್ ಮುಸ್ಲಿಮರನ್ನು ಶಿಬಿರಗಳಲ್ಲಿ ಕೂಡಿಹಾಕಿದ ವಿಷಯದಲ್ಲಿ 2019ರ ಜುಲೈನಲ್ಲಿ 22 ದೇಶಗಳು ವಿಶ್ವಸಂಸ್ಥೆಗೆ ಆಕ್ಷೇಪದ ಪತ್ರ ಬರೆದಾಗ, ಚೀನಾವನ್ನು ಸಮರ್ಥಿಸಿ 37 ದೇಶಗಳು ಪತ್ರ ಬರೆದವು. ಅವುಗಳಲ್ಲಿ ಸೌದಿ ಅರೇಬಿಯ, ಪಾಕಿಸ್ತಾನಗಳೂ ಇದ್ದವು.

ಭಾರತದ ದಾರಿ ನಡುವಿನದು. 1954ರ ಒಪ್ಪಂದದಲ್ಲೇ ಟಿಬೆಟನ್ನು ಚೀನಾದ ಭಾಗವೆಂದು ಕರೆದದ್ದಾಯಿತು. 2003ರಲ್ಲಿ ಪ್ರಧಾನಿ ವಾಜಪೇಯಿ ಬೀಜಿಂಗಿಗೆ ಹೋದಾಗ ಅದು ಮತ್ತೆ ಸ್ಪಷ್ಟವಾಯಿತು. ಆದರೆ 1959ರಲ್ಲಿ ಕೊಟ್ಟ ಆಶ್ರಯವನ್ನು ಹಿಂದಕ್ಕೆ ಪಡೆಯಲಿಲ್ಲ. ಆ ಆಶ್ರಯದ ದೊಡ್ಡ ಪಾಲು ನಮ್ಮ ರಾಜ್ಯದ್ದು. ಲಾಸಾ ಸುತ್ತಲಿನ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಂದೆನ್ ಮುಂಡಗೋಡಿನಲ್ಲಿ ಮರುಸ್ಥಾಪನೆಯಾಗಿವೆ. 1972ರಲ್ಲಿ ತಾಶಿಲ್ಹುನ್ಪೊ ಮಠವೂ ಬೈಲಕುಪ್ಪೆಯಲ್ಲಿ ತಲೆಯೆತ್ತಿತು. ಮೈಸೂರು–ಮಡಿಕೇರಿ ರಸ್ತೆಯಲ್ಲಿ ‘ಗೋಲ್ಡನ್ ಟೆಂಪಲ್’ ನೋಡಲು ವಾಹನ ನಿಲ್ಲಿಸುವ ಪ್ರವಾಸಿಗರಲ್ಲಿ ಈ ಮಠದವರೆಗೆ ಹೋಗುವವರು ಕಡಿಮೆ.

2025ರ ಜುಲೈ 2ರಂದು, ತೊಂಬತ್ತು ತುಂಬಲು ನಾಲ್ಕು ದಿನ ಇರುವಾಗ, ದಲಾಯಿ ಲಾಮಾ ತಮ್ಮ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದು ಎಂದು ಪ್ರಕಟಿಸಿದರು. ಚಿನ್ನದ ಕಲಶ, ಕೇಂದ್ರ ಸರ್ಕಾರದ ಒಪ್ಪಿಗೆ ಎರಡೂ ಬೇಕು ಎಂದು ಬೀಜಿಂಗ್ ಅಂದೇ ಉತ್ತರಿಸಿತು. ನಂಬಿಕೆಯ ವಿಷಯಗಳಲ್ಲಿ ಸರ್ಕಾರ ಯಾವ ನಿಲುವನ್ನೂ ತಳೆಯುವುದಿಲ್ಲ ಎಂದು ದೆಹಲಿ ಜುಲೈ 4ರಂದು ಹೇಳಿತು. ಕಲಶದಿಂದ ಬಂದ ಗ್ಯಾಲ್ಟ್ಸೆನ್ ನೊರ್ಬು ಇದಕ್ಕೂ ಮುನ್ನ ಜೂನ್ ತಿಂಗಳಲ್ಲಿ ಬೀಜಿಂಗಿನಲ್ಲಿ ಷಿ ಜಿನ್‌ಪಿಂಗ್ ಅವರನ್ನು ಕಂಡು ಬಂದಿದ್ದರು. ಮುಂದಿನ ದಲಾಯಿ ಲಾಮಾರನ್ನು ಗುರುತಿಸುವ ಹೊತ್ತು ಬಂದಾಗ ಅವರ ಮಾತು ಬೀಜಿಂಗಿಗೆ ಬೇಕಾಗುತ್ತದೆ.

ಇನ್ನೊಬ್ಬ ಬಾಲಕನ ಬಗ್ಗೆ 2020ರ ಮೇ ತಿಂಗಳಲ್ಲಿ ಚೀನಾದ ವಿದೇಶಾಂಗ ಇಲಾಖೆ ಒಂದು ಮಾತು ಹೇಳಿತು. ಆತ ಕಾಲೇಜು ಮುಗಿಸಿದ್ದಾನೆ, ಕೆಲಸದಲ್ಲಿದ್ದಾನೆ, ತನಗಾಗಲಿ ತನ್ನ ಮನೆಯವರಿಗಾಗಲಿ ಯಾರೂ ತೊಂದರೆ ಕೊಡುವುದು ಅವನಿಗೆ ಬೇಕಿಲ್ಲ ಎಂದಿತು. ಎಲ್ಲಿ, ಏನು ಕೆಲಸ ಎಂದು ಹೇಳಲಿಲ್ಲ. 2025ರ ಏಪ್ರಿಲ್ 25ಕ್ಕೆ ಗೆಧುನ್ ಚೋಕ್ಯಿ ನ್ಯಿಮಾಗೆ 36 ವರ್ಷ ತುಂಬಿತು. ಅವನ ಹುಟ್ಟುಹಬ್ಬದಂದು ಟಿಬೆಟನ್ನರು ಹಿಡಿಯುವ ಚಿತ್ರದಲ್ಲಿ ಇರುವುದು ಈಗಲೂ ಕೆಂಪು ಕೆನ್ನೆಯ, ನಗದೆ ಕ್ಯಾಮೆರಾ ನೋಡುತ್ತಿರುವ ಪುಟ್ಟ ಹುಡುಗನೇ. ಅದಾದ ಮೇಲಿನ ಚಿತ್ರ ಅವರ ಬಳಿ ಇಲ್ಲ.